ಗಾಲಿ ಏರಿದ ಸದ್ದು

ಹೋಳಿ ಹುಣ್ಣಿಮೆ ಹತ್ತಿರವಾದಂತೆ ಹುಬ್ಬಳ್ಳಿ ಸುತ್ತಮುತ್ತಲಿನ ಹಳ್ಳಿಗಳಲ್ಲಿ, ವರ್ಷವಿಡೀ ಗೋಡೆಗೆ ಒರಗಿದ್ದ ಜಗ್ಗಲಿಗೆಗಳು ಹೊರಗೆ ಬರುತ್ತವೆ. ಎತ್ತಿನ ಬಂಡಿಯ ಗಾಲಿಯಷ್ಟು ಅಗಲದ ಚರ್ಮವಾದ್ಯವಿದು. ಗಾಲಿಯಷ್ಟು ಎನ್ನುವುದು ಬರೀ ಹೋಲಿಕೆಯಲ್ಲ, ಅದು ಗಾಲಿಯೇ. ಹಳೆಯ ಬಂಡಿಗಾಲಿಗೆ ಎಮ್ಮೆಯ ಚರ್ಮ ಬಿಗಿದರೆ ಜಗ್ಗಲಿಗೆ ಸಿದ್ಧ. ಹುಬ್ಬಳ್ಳಿ ಸಮೀಪದ ಬ್ಯಾಹಟ್ಟಿ ಗ್ರಾಮ ಈ ವಾದ್ಯಕ್ಕೆ ಹೆಸರಾದದ್ದು. ಇಷ್ಟು ದೊಡ್ಡ ವಾದ್ಯವನ್ನು ಕೊರಳಿಗೆ ತೂಗು ಹಾಕಿಕೊಳ್ಳುವುದಾಗಲೀ ಸೊಂಟಕ್ಕೆ ಕಟ್ಟುವುದಾಗಲೀ ಸಾಧ್ಯವಿಲ್ಲ. ಅದನ್ನು ನೆಲದ ಮೇಲೆ ಉರುಳಿಸಿಕೊಂಡೇ ಸಾಗಿ ನುಡಿಸಬೇಕು. ಮೇಳದ ಮುಂದೆ ಕಣಿಹಲಗಿ ಎಂಬ ಪುಟ್ಟ ವಾದ್ಯ ಹಿಡಿದವನೊಬ್ಬ ಇರುತ್ತಾನೆ. ಅವನ ಪೆಟ್ಟು ಎತ್ತ ಹೊರಳುತ್ತದೋ ದೊಡ್ಡ ಗಾಲಿಗಳ ಪೆಟ್ಟೂ ಅತ್ತಲೇ ಹೊರಳುತ್ತದೆ. ಅವನು ನಿಂತರೆ ಬೀದಿಯೇ ನಿಂತಂತೆ.

ಇದೇ ಹುಬ್ಬಳ್ಳಿಯಲ್ಲಿ ಆರು ತಿಂಗಳ ನಂತರ, ಗಣೇಶನ ವಿಸರ್ಜನೆಯ ಮೆರವಣಿಗೆಯಲ್ಲಿ, ಇನ್ನೊಂದು ಬಗೆಯ ಗಾಲಿವಾದ್ಯ ಬೀದಿಗೆ ಬರುತ್ತದೆ. ಅದು ಪಿಕಪ್ ಗಾಡಿ ಅಥವಾ ಲಾರಿ. ಹಿಂದಿನ ತೊಟ್ಟಿಯಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ಜೋಡಿಸಿದ ಕಪ್ಪು ಪೆಟ್ಟಿಗೆಗಳು, ಅವುಗಳ ಬೆನ್ನಿಗೆ ಜನರೇಟರು, ನಡುವೆ ಎಲ್ಲೋ ಇಕ್ಕಟ್ಟಿನಲ್ಲಿ ಕುಳಿತ ಒಬ್ಬ ಹುಡುಗ. ಊರಿನವರ ಬಾಯಲ್ಲಿ ಅದರ ಹೆಸರು ಡಿ.ಜೆ. ಇಂಗ್ಲಿಷಿನಲ್ಲಿ ಈ ಎರಡಕ್ಷರ ಹಾಡು ಹಚ್ಚುವ ಮನುಷ್ಯನನ್ನು ಸೂಚಿಸುತ್ತವೆ. ನಮ್ಮಲ್ಲಿ ಅದು ಯಂತ್ರದ ಹೆಸರಾಯಿತು. ಮನುಷ್ಯ ಹೆಸರಿನಿಂದಲೇ ಜಾರಿಹೋದ ಈ ಸಂಗತಿ ಸಣ್ಣದಾಗಿ ಕಂಡರೂ, ಬೀದಿಯ ಸದ್ದಿನ ನೂರು ವರ್ಷಗಳ ಚರಿತ್ರೆ ಅದರೊಳಗೆ ಅಡಗಿದೆ.

ಆ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ಗಾಲಿಯೇ ಇಲ್ಲ. ಊರಿಗೆ ತಿಳಿಸಬೇಕಾದ್ದನ್ನು ಡಂಗುರ ಸಾರುವವನು ನಡೆದೇ ಸಾರುತ್ತಿದ್ದ. ಓಣಿಯ ಮೂಲೆಯಲ್ಲಿ ನಿಂತು ಹಲಗಿ ಬಾರಿಸುವುದು, ಜನ ಬಾಗಿಲಿಗೆ ಬಂದ ಮೇಲೆ ಸುದ್ದಿ ಹೇಳುವುದು, ಮುಂದಿನ ಓಣಿಗೆ ಹೋಗುವುದು. ಇಲ್ಲಿ ಎರಡು ಬಗೆಯ ಸದ್ದುಗಳಿಗೆ ಎರಡು ಬೇರೆ ಕೆಲಸಗಳಿದ್ದವು. ಹಲಗಿಯದು ಕರೆಯುವ ಸದ್ದು, ಬಾಯಿಯದು ಹೇಳುವ ಸದ್ದು. ಒಂದು ದೂರ ಹೋಗುತ್ತಿತ್ತು, ಆದರೆ ಅದರಲ್ಲಿ ಮಾತಿರಲಿಲ್ಲ. ಇನ್ನೊಂದರಲ್ಲಿ ಮಾತಿತ್ತು, ದೂರ ಹೋಗುತ್ತಿರಲಿಲ್ಲ. ಮುಂದೆ ಬಂದ ಯಂತ್ರಗಳೆಲ್ಲ ಈ ಎರಡರಲ್ಲಿ ಒಂದನ್ನು ಹಿಗ್ಗಿಸಿದವುಗಳೇ.

ಮೊದಲು ಹಿಗ್ಗಿದ್ದು ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೆನ್ಮಾರ್ಕ್ ಮೂಲದ ಪೀಟರ್ ಜೆನ್ಸನ್ ಮತ್ತು ಅವನ ಜೊತೆಗಾರ ಎಡ್ವಿನ್ ಪ್ರಿಡಮ್, ಗ್ರಾಮಫೋನಿನ ಕಹಳೆಯಂಥದ್ದೊಂದನ್ನು ವಿದ್ಯುತ್ ಸುರುಳಿಗೆ ಜೋಡಿಸಿ ಧ್ವನಿವರ್ಧಕವನ್ನು ರೂಪಿಸಿದರು. 1915ರ ಕ್ರಿಸ್‌ಮಸ್ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಭಾಭವನದ ಮುಂದೆ ನೆರೆದ ದೊಡ್ಡ ಜನಸ್ತೋಮಕ್ಕೆ ಅದರ ಮೂಲಕ ಮಾತು, ಸಂಗೀತ ಕೇಳಿಸಿದರು. ನಾಲ್ಕು ವರ್ಷದ ತರುವಾಯ, 1919ರಲ್ಲಿ, ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಯಾನ್ ಡಿಯಾಗೊದಲ್ಲಿ ಸುಮಾರು ಐವತ್ತು ಸಾವಿರ ಜನರಿಗೆ ಇದೇ ಸಾಧನದ ನೆರವಿನಿಂದ ಭಾಷಣ ಮಾಡಿದ. ಅಲ್ಲಿಯವರೆಗೆ ಭಾಷಣಕಾರನ ಗಂಟಲು ಎಷ್ಟು ದೂರ ಕೇಳಿಸುತ್ತಿತ್ತೋ ಅಷ್ಟೇ ಅವನ ಸಭೆ.

ಭಾರತದಲ್ಲಿ ಸ್ವಾತಂತ್ರ್ಯ ಚಳವಳಿಯ ಸಭೆಗಳಿಗೆ ಮೋಟ್ವಾನಿ ಮನೆತನದ ‘ಶಿಕಾಗೊ ರೇಡಿಯೊ’ ಕಂಪನಿ ಮೈಕುಗಳನ್ನು ಒದಗಿಸಿತು. ಹೆಸರು ಶಿಕಾಗೊ ಆದರೂ ಕಂಪನಿ ಅಪ್ಪಟ ಭಾರತೀಯ. ಗಾಂಧೀಜಿ, ನೆಹರೂ ಅವರ ಹಳೆಯ ಛಾಯಾಚಿತ್ರಗಳಲ್ಲಿ ಮೈಕಿನ ಮೇಲೆ ಈ ಹೆಸರು ಕಾಣುವುದುಂಟು. 1940ರಲ್ಲಿ ಆರಂಭವಾದ ಅಹುಜಾ ಕಂಪನಿ ಮುಂದೆ ಹಳ್ಳಿಹಳ್ಳಿಯ ಬಾಡಿಗೆ ಅಂಗಡಿಗಳನ್ನು ತಲುಪಿತು. ಶಾಮಿಯಾನ, ಪಾತ್ರೆ, ಗ್ಯಾಸ್‌ಲೈಟಿನ ಜೊತೆಗೆ ‘ಮೈಕ್ ಸೆಟ್’ ಕೂಡ ಬಾಡಿಗೆಗೆ ಸಿಗತೊಡಗಿತು. ಮದುವೆ ಮನೆಯ ಮಾವಿನ ಮರಕ್ಕೆ, ಗುಡಿಯ ಗೋಪುರಕ್ಕೆ, ಮಸೀದಿಯ ಮಿನಾರಿಗೆ ತಗಡಿನ ಕಹಳೆ ಏರಿದ್ದು ಹೀಗೆ.

ಬಂಡಿಗೆ ಏರಿದ್ದೂ ಅದೇ ಕಹಳೆ. ಹುಬ್ಬಳ್ಳಿ-ಧಾರವಾಡ ಭಾಗ ನಾಟಕ ಕಂಪನಿಗಳ ನೆಲ. ಕಂಪನಿ ಊರಿಗೆ ಬಂದರೆ, ಟಾಕೀಸಿನಲ್ಲಿ ಚಿತ್ರ ಬದಲಾದರೆ, ಟಾಂಗಾದ ಎರಡೂ ಬದಿಗೆ ಬಣ್ಣದ ಹಲಗೆ ಕಟ್ಟಿ ಊರು ಸುತ್ತಿಸುವುದು ರೂಢಿ. ಮೊದಲು ಟಾಂಗಾದಲ್ಲಿ ಕುಳಿತವನ ಕೈಯಲ್ಲಿ ಇರುತ್ತಿದ್ದದ್ದು ಹಲಗಿ ಇಲ್ಲವೆ ಬ್ಯಾಂಡು, ಬಾಯಿಗೆ ತಗಡಿನ ಕೊಳವೆ. ನಂತರ ಬಂದದ್ದು ಬ್ಯಾಟರಿ, ಆಂಪ್ಲಿಫೈಯರ್, ಮೇಲ್ಛಾವಣಿಯಲ್ಲಿ ಮುಂದಕ್ಕೊಂದು ಹಿಂದಕ್ಕೊಂದು ಮುಖ ಮಾಡಿದ ಎರಡು ಕಹಳೆ. ಟಾಂಗಾ ಹೋಗಿ ಜೀಪು, ಜೀಪು ಹೋಗಿ ಆಟೊ ಬಂದರೂ ಮೂರು ಸಾಮಾನುಗಳ ಈ ಜೋಡಣೆ ಬದಲಾಗಲಿಲ್ಲ. ಹಿಂದೆ ಓಡುವ ಹುಡುಗರಿಗೆ ಬಣ್ಣದ ಕರಪತ್ರ ಎಸೆಯುವ ಕ್ರಮವೂ ಬಹುಕಾಲ ಬದಲಾಗಲಿಲ್ಲ.

ಈ ಜೋಡಣೆ ಅಷ್ಟು ಗಟ್ಟಿಯಾಗಿ ನಿಲ್ಲಲು ತಾಂತ್ರಿಕ ಕಾರಣವಿದೆ. ಗಾಡಿಯ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟಿನದು. ಅದರಿಂದ ಹತ್ತು ಆಂಪಿಯರ್ ವಿದ್ಯುತ್ ಎಳೆದರೆ ಸಿಗುವುದು 120 ವಾಟ್ ಮಾತ್ರ. ಅಷ್ಟರಲ್ಲೇ ಓಣಿ ತುಂಬಬೇಕು. ಕಹಳೆಯ ಗುಣವೇ ಅದು: ಇರುವ ಅಲ್ಪ ಶಕ್ತಿಯನ್ನು ಚೆಲ್ಲದೆ ಒಂದೇ ದಿಕ್ಕಿಗೆ ಅಟ್ಟುತ್ತದೆ. ಆದರೆ ಸಣ್ಣ ಕಹಳೆ ಮಂದ್ರ ಸ್ವರಗಳನ್ನು ಹೊರಡಿಸಲಾರದು. ಮನುಷ್ಯನ ಮಾತಿನ ಅರ್ಥ ಹೊರುವ ವ್ಯಂಜನಗಳೆಲ್ಲ ನಡುವಿನ ಮತ್ತು ಮೇಲಿನ ಕಂಪನಾಂಕಗಳಲ್ಲಿರುವುದರಿಂದ ಮಾತು ಉಳಿಯುತ್ತದೆ, ದನಿಯ ಮೈ ಹೋಗುತ್ತದೆ. ಎಂಥ ತುಂಬುಕಂಠದವನ ದನಿಯೂ ಜೀಪಿನ ಮೇಲಿನಿಂದ ಮೂಗಿನಲ್ಲಿ ಮಾತನಾಡಿದಂತೆ ಕೇಳುವುದು ಇದೇ ಕಾರಣಕ್ಕೆ. ಡಂಗುರದವನ ಬಾಯಿಗೆ ಯಂತ್ರ ಸಿಕ್ಕಿತು, ಅವನ ಹಲಗಿಗೆ ಇನ್ನೂ ಸಿಕ್ಕಿರಲಿಲ್ಲ.

ಚುನಾವಣೆ ಕಹಳೆಯ ಸುಗ್ಗಿಯಾಯಿತು. ಕನ್ನಡದ ಪತ್ರಿಕೆಗಳ ವಾಚಕರ ವಾಣಿಯಲ್ಲಿ ‘ಮೈಕಾಸುರ’ ಎಂಬ ಹೊಸ ರಕ್ಕಸ ಹುಟ್ಟಿಕೊಂಡ. ಪರೀಕ್ಷೆಯ ಕಾಲದಲ್ಲಿ ಅವನ ಹಾವಳಿ ಹೆಚ್ಚು ಎಂಬ ದೂರು ವರ್ಷವರ್ಷವೂ ಅಚ್ಚಾಗುತ್ತಿತ್ತು. 1990ರಿಂದ 1996ರವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ.ಎನ್. ಶೇಷನ್ ನಿಯಮಗಳನ್ನು ಬಿಗಿಯಾಗಿ ಜಾರಿಗೆ ತಂದಾಗ ಗೋಡೆಬರಹಗಳ ಜೊತೆ ಅಡಗಿದ್ದು ಈ ಜೀಪುಗಳ ದನಿ. ಹಾಗೆಂದು ಮೈಕಾಸುರನನ್ನು ಪೂರಾ ರಕ್ಕಸನೆನ್ನುವುದೂ ಸರಿಯಲ್ಲ. 1982ರ ಗೋಕಾಕ್ ಚಳವಳಿಯ ಕಾಲದಲ್ಲಿ ಡಾ. ರಾಜಕುಮಾರ್ ಊರೂರು ಸುತ್ತಿ ಕನ್ನಡದ ಪರವಾಗಿ ಆಡಿದ ಮಾತು ಲಕ್ಷಾಂತರ ಜನರಿಗೆ ಕೇಳಿಸಿದ್ದು ಇವೇ ತಗಡಿನ ಕಹಳೆಗಳಿಂದ. ಇಂದಿಗೂ ಕಸದ ಗಾಡಿ ಬಂತೆಂದು, ನಾಳೆ ನೀರು ಬರುವುದಿಲ್ಲವೆಂದು ತಿಳಿಸುವುದು ಅದರ ಮರಿಮಕ್ಕಳೇ. ಅಕ್ಷರ ಬಾರದವರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಇಷ್ಟು ಅಗ್ಗದಲ್ಲಿ ಮಾಡಿದ ಯಂತ್ರ ಇನ್ನೊಂದಿಲ್ಲ.

ಇಷ್ಟಾಗಿ, ಹುಬ್ಬಳ್ಳಿ-ಧಾರವಾಡದ ಹೆಸರು ದೇಶದಲ್ಲಿ ಮೊಳಗಿದ್ದು ಮೈಕಿನಿಂದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಬೆಳೆದದ್ದು ಸಣ್ಣ ಕೋಣೆಯ ಬೈಠಕ್ಕುಗಳಲ್ಲಿ, ತಂಬೂರಿಯ ಎತ್ತರಕ್ಕೆ ದನಿಯನ್ನು ಹೊಂದಿಸಿಕೊಂಡು. ಗಂಗೂಬಾಯಿಯವರ ಆರಂಭದ ಗ್ರಾಮಫೋನ್ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಅದೇ ಸಂಗೀತ ಮೈಕಿನ ಮುಂದೆ ಬಂದು ಕೂತಿತು. ಆದರೆ ರೇಡಿಯೊ ದೂರದ ಸದ್ದನ್ನು ಮನೆಯೊಳಕ್ಕೆ ತರುತ್ತದೆ, ಬೇಡವಾದರೆ ತಿರುಗಣೆ ತಿರುಗಿಸಬಹುದು. ಬೀದಿಯ ಗಾಡಿಯ ತಿರುಗಣೆ ಮನೆಯಲ್ಲಿರುವವನ ಕೈಯಲ್ಲಿರುವುದಿಲ್ಲ. ಎರಡೂ ವಿದ್ಯುತ್ತಿನಿಂದ ಹಿಗ್ಗಿದ ದನಿಗಳೇ ಆದರೂ ಅವುಗಳ ನಡುವಿನ ಜಗಳ ಮುಗಿಯದಿರುವುದು ಈ ಒಂದು ತಿರುಗಣೆಗಾಗಿ.

ವಾಹನಕ್ಕೆ ಧ್ವನಿ ಜೋಡಿಸುವ ಕಲೆ ಪಶ್ಚಿಮದಲ್ಲಿ ಬೆಳೆದದ್ದು ಮುಖ್ಯವಾಗಿ ಒಳಗೆ ಕುಳಿತವನ ಸುಖಕ್ಕಾಗಿ. ಅಮೆರಿಕದ ಗ್ಯಾಲ್ವಿನ್ ಸೋದರರು 1930ರಲ್ಲಿ ಮಾರುಕಟ್ಟೆಗೆ ತಂದ ಕಾರ್ ರೇಡಿಯೊದ ಹೆಸರು ಮೋಟೊರೋಲಾ. ಮುಂದೆ ಅದು ಕಂಪನಿಯ ಹೆಸರೇ ಆಯಿತು. ಹೊರಗೆ ನಿಂತವರಿಗಾಗಿ ಗಾಡಿಯನ್ನು ವಾದ್ಯವಾಗಿಸಿದ ಪ್ರಸಿದ್ಧ ನಿದರ್ಶನ ಬ್ರೆಜಿಲ್ ದೇಶದ ಸಾಲ್ವಡಾರ್ ನಗರದ್ದು. 1950ರ ಕಾರ್ನಿವಲ್ ಹಬ್ಬದಲ್ಲಿ ಡೋಡೊ, ಓಸ್ಮಾರ್ ಎಂಬಿಬ್ಬರು 1929ರ ಹಳೆಯ ಫೋರ್ಡ್ ಕಾರಿಗೆ ಧ್ವನಿವರ್ಧಕ ಕಟ್ಟಿ, ವಿದ್ಯುತ್ ತಂತಿವಾದ್ಯ ನುಡಿಸುತ್ತ ಬೀದಿಗೆ ಇಳಿದರು. ಮರುವರ್ಷ ಮೂರನೆಯವನು ಸೇರಿದ, ಕಾರಿನ ಬದಲು ಪಿಕಪ್ ಗಾಡಿ ಬಂತು. ‘ತ್ರಿಯೊ ಎಲೆತ್ರಿಕೊ’, ಅಂದರೆ ವಿದ್ಯುತ್ ತ್ರಿವಳಿ ಎಂಬ ಹೆಸರು ಹುಟ್ಟಿದ್ದು ಹಾಗೆ. ಇಂದು ಅಲ್ಲಿ ದೈತ್ಯ ಲಾರಿಗಳೇ ವೇದಿಕೆಗಳು. ಒಂದು ವ್ಯತ್ಯಾಸ ಮಾತ್ರ ಗಮನಿಸತಕ್ಕದ್ದು: ಸಾಲ್ವಡಾರಿನ ಲಾರಿಯ ಮೇಲೆ ಹಾಡುವವರು, ನುಡಿಸುವವರು ನಿಂತಿರುತ್ತಾರೆ. ದಣಿವಾದರೆ ಅವರು ನೀರು ಕುಡಿಯಲೇಬೇಕು.

ನಮ್ಮ ಕಡೆ ಹಲಗಿಗೆ ಯಂತ್ರ ಸಿಕ್ಕಿದ್ದು ತಡವಾಗಿ, ಮತ್ತು ಬಿಡಿಬಿಡಿಯಾಗಿ. 1925ರಲ್ಲೇ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್, ಕಹಳೆಯಿಲ್ಲದೆ ಕಾಗದದ ಶಂಕುವನ್ನೇ ಅದುರಿಸುವ ಸ್ಪೀಕರನ್ನು ವಿವರಿಸಿದ್ದರು. ಮಂದ್ರ ಸದ್ದು ಅದರಿಂದ ಸಾಧ್ಯವಾಯಿತು, ಆದರೆ ಅದಕ್ಕೆ ಶಕ್ತಿ ಬಹಳ ಬೇಕು. 1980ರ ದಶಕದ ಕ್ಯಾಸೆಟ್ ಯುಗ ಹಾಡನ್ನು ಅಗ್ಗ ಮಾಡಿತು. ಉತ್ತರ ಕರ್ನಾಟಕದ ಜಾನಪದ ಧಾಟಿಯ ಹಾಡುಗಳು ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಗಳಿಂದ ಟೆಂಪೊ, ಲಾರಿ, ಟ್ರ್ಯಾಕ್ಟರುಗಳಿಗೆ ಹತ್ತಿದವು. ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ‘ಟೇಪ್’ ಇಲ್ಲದಿದ್ದರೆ ಅದು ಬೋಳು ಗಾಡಿ. ಈಗ ಅದರಲ್ಲಿರುವುದು ಮೊಬೈಲಿನ ಹಾಡಾದರೂ ‘ಟೇಪ್ ಹಚ್ಚು’ ಎಂಬ ಮಾತು ಉಳಿದಿದೆ. ಚಳಿಗಾಲದ ರಾತ್ರಿ ಎರಡೆರಡು ಟ್ರೇಲರ್ ಎಳೆದುಕೊಂಡು ನಿದ್ದೆಗೆಟ್ಟು ಹೋಗುವ ಚಾಲಕನಿಗೆ ಆ ಹಾಡು ಸಂಗಾತಿ. ಹಿಂದಿನಿಂದ ಹಾರ್ನ್ ಹೊಡೆಯುವ ವಾಹನದವನಿಗೆ ಅದೇ ಕಂಟಕ.

ಮೂರು ಸಂಗತಿಗಳು ಕೂಡಿ ಪಿಕಪ್ ಡಿ.ಜೆ. ಹುಟ್ಟಿತೆನ್ನಬಹುದು. ಹೆಚ್ಚು ಶಕ್ತಿಯ ಆಂಪ್ಲಿಫೈಯರುಗಳು ಅಗ್ಗವಾದವು. ಹಾಡು ಕ್ಯಾಸೆಟ್ಟಿನಿಂದ ಬಿಡುಗಡೆಯಾಗಿ ಪೆನ್ ಡ್ರೈವಿಗೆ, ಮೊಬೈಲಿಗೆ ಬಂತು. ಮತ್ತು ಗಾಡಿ ಸಿಕ್ಕಿತು. 1986ರಲ್ಲಿ ಬಂದ ಟಾಟಾ 407, 2005ರಲ್ಲಿ ಬಂದ ಟಾಟಾ ಏಸ್, ಮಹೀಂದ್ರದ ಬೊಲೆರೊ ಪಿಕಪ್ ಇವೆಲ್ಲ ಸಣ್ಣ ಬಂಡವಾಳದವನ ಕೈಗೆ ಎಟುಕಿದ ಸರಕುಗಾಡಿಗಳು. ಜನ ‘ಛೋಟಾ ಹಾಥಿ’ ಎಂದು ಕರೆದ ಏಸ್ ಗಾಡಿಯ ಸಂತತಿ ಧಾರವಾಡದ ಕಾರ್ಖಾನೆಯಲ್ಲೂ ತಯಾರಾಯಿತು. ವಾರವೆಲ್ಲ ಈರುಳ್ಳಿ, ಮೆಣಸಿನಕಾಯಿ ಹೊರುವ ಗಾಡಿಗೆ ಹಬ್ಬದ ದಿನಗಳಲ್ಲಿ ಸದ್ದು ಹೊರುವ ಕೆಲಸ ಸಿಕ್ಕಿತು.

ಹೊರುವುದು ಸುಲಭವಲ್ಲ. ಗಾಡಿಯ 12 ವೋಲ್ಟಿನ ಬ್ಯಾಟರಿಯಿಂದ ಸಾವಿರ ವಾಟ್ ಎಳೆಯಬೇಕಾದರೆ ಎಂಬತ್ತಮೂರು ಆಂಪಿಯರ್ ಹರಿಯಬೇಕು. ತಂತಿ ತೆಳುವಾಗಿದ್ದರೆ ಕಾದು ಕರಗುತ್ತದೆ, ಬ್ಯಾಟರಿಯ ಬುಡದಲ್ಲಿ ಫ್ಯೂಸ್ ಇಲ್ಲದಿದ್ದರೆ ಗಾಡಿಗೇ ಬೆಂಕಿ. ಮೆರವಣಿಗೆಯ ಗಾಡಿಗೆ ಬೇಕಾದದ್ದು ಸಾವಿರವಲ್ಲ, ಹಲವು ಸಾವಿರ ವಾಟ್. ಆದ್ದರಿಂದ ಗಾಡಿಯ ವಿದ್ಯುತ್ತನ್ನು ಕೈಬಿಟ್ಟು ಪ್ರತ್ಯೇಕ ಜನರೇಟರು ಹೊರಿಸಲಾಯಿತು. ಇನ್ನು ಸ್ಪೀಕರಿನ ಪೆಟ್ಟಿಗೆ. ಅದು ಅಲಂಕಾರಕ್ಕಲ್ಲ. ಶಂಕು ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಬೆನ್ನ ಹಿಂದಿನ ಗಾಳಿ ಸಡಿಲಾಗುತ್ತದೆ. ಎರಡೂ ಬೆರೆತರೆ ಒಂದನ್ನೊಂದು ನುಂಗಿ ಮಂದ್ರ ಸದ್ದು ಮಾಯ. ಬೆನ್ನಿನ ಗಾಳಿಯನ್ನು ಪ್ಲೈವುಡ್ ಪೆಟ್ಟಿಗೆಯಲ್ಲಿ ಕಟ್ಟಿಹಾಕಿ, ಅಳತೆ ಮಾಡಿ ಕೊರೆದ ಕಿಂಡಿಯಿಂದ ಬೇಕಾದಷ್ಟನ್ನೇ ಹೊರಬಿಡುವುದು ಪೆಟ್ಟಿಗೆಯ ಕಸುಬು. ಕಿಂಡಿಯ ಅಳತೆ ತಪ್ಪಿದರೆ ಗುಮ್ಮೆನ್ನುವ ಬದಲು ಬುಸ್ಸೆನ್ನುತ್ತದೆ. ಬಡಗಿಯ ಕೆಲಸವೂ ಎಲೆಕ್ಟ್ರಿಷಿಯನ್ನನ ಕೆಲಸವೂ ಕೂಡುವ ಈ ವಿದ್ಯೆಯನ್ನು ನಮ್ಮ ಹುಡುಗರು ಬಹುಮಟ್ಟಿಗೆ ನೋಡಿ, ಸುಟ್ಟುಕೊಂಡು, ಮತ್ತೆ ಕಟ್ಟಿ ಕಲಿತರು. ಅದನ್ನು ಕಡೆಗಣಿಸುವಂತಿಲ್ಲ.

ತೊಟ್ಟಿಯಲ್ಲಿ ಜೋಡಣೆಗೂ ಕ್ರಮವಿದೆ. ಭಾರದ ‘ಬೇಸ್’ ಪೆಟ್ಟಿಗೆ ಕೆಳಗೆ, ಹಗುರ ‘ಟಾಪ್’ ಮೇಲೆ. ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಅದುರಿಗೆ ಬೋಲ್ಟುಗಳು ಸಡಿಲಾಗುವುದರಿಂದ ಬೆಲ್ಟು ಬಿಗಿಯಬೇಕು, ಕೆಳಗೆ ರಬ್ಬರು ಹಾಸಬೇಕು. ಎತ್ತರ ಹೆಚ್ಚಾದಷ್ಟೂ ರಸ್ತೆಯ ಮೇಲೆ ಹಾದ ವಿದ್ಯುತ್ ತಂತಿಯ ಅಪಾಯ ಹತ್ತಿರ.

ಇಷ್ಟೆಲ್ಲ ಶ್ರಮ ಒಂದೇ ಬೇಡಿಕೆಗಾಗಿ. ಬಾಡಿಗೆಗೆ ಕರೆಯುವ ಮಂಡಳಿಯ ಹುಡುಗರು ಹಾಡು ಸ್ಪಷ್ಟ ಕೇಳಬೇಕೆಂದು ಕೇಳುವುದಿಲ್ಲ. ‘ಎದಿ ಗುದ್ದಬೇಕು’ ಎನ್ನುತ್ತಾರೆ. ಅಲ್ಲಿಗೆ ಡಂಗುರದವನ ಎರಡನೆಯ ಸದ್ದಿಗೆ, ಅಂದರೆ ಹಲಗಿಯ ಕರೆಗೆ, ಯಂತ್ರ ಸಿಕ್ಕಂತಾಯಿತು. ಆದರೆ ಈ ಬಾರಿ ಕರೆಯ ಹಿಂದೆ ಹೇಳುವ ಸುದ್ದಿ ಏನೂ ಇರಲಿಲ್ಲ.

ಎದೆ ಗುದ್ದುವ ಪೈಪೋಟಿಗೆ ಕೊನೆಯಿಲ್ಲದಂತೆ ಮಾಡಿರುವುದು ಕಿವಿಯ ರಚನೆ. ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚಿದರೆ ಅಳತೆಯಲ್ಲಿ ಏರುವುದು 10 ಡೆಸಿಬಲ್. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾದಂತೆ ಮಾತ್ರ ತೋರುತ್ತದೆ. ಮುಂದಿನ ಮಂಡಳಿಯ ಗಾಡಿಗಿಂತ ಇಮ್ಮಡಿ ಕೇಳಿಸಬೇಕಾದರೆ ಹತ್ತರಷ್ಟು ವಾಟ್ ಬೇಕು! ಎರಡು ಪೆಟ್ಟಿಗೆಯಿದ್ದ ಗಾಡಿ ನಾಲ್ಕಾಗಿ, ಎಂಟಾಗಿ, ಪಿಕಪ್ಪು ಲಾರಿಯಾದದ್ದು ಈ ಲೆಕ್ಕದಿಂದ. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹಳೆಯ ಹುಬ್ಬಳ್ಳಿಯ ದುರ್ಗದಬೈಲಿನಂಥ ಇಕ್ಕಟ್ಟಿನ ಪೇಟೆಯಲ್ಲಿ ಎರಡೂ ಕಡೆಯ ಗೋಡೆಗಳು ಅದನ್ನು ಹಿಂದಕ್ಕೂ ಮುಂದಕ್ಕೂ ಎಸೆದಾಡುವುದರಿಂದ ಆ ರಿಯಾಯಿತಿಯೂ ಇಲ್ಲ. 50 ಹರ್ಟ್ಸಿನ ಮಂದ್ರ ಸದ್ದಿನ ಒಂದು ಅಲೆಯ ಉದ್ದ ಸುಮಾರು ಏಳು ಮೀಟರ್. ಕಿಟಕಿ ಮುಚ್ಚಿದರೆ ಹಾಡಿನ ಮಾತು ಹೊರಗೇ ನಿಂತೀತು, ಗುದ್ದು ನಿಲ್ಲುವುದಿಲ್ಲ. ಮನೆಯ ಪಾತ್ರೆ ಪಗಡಿಗಳು ಅದಕ್ಕೆ ತಾಳ ಹಾಕುತ್ತವೆ.

ಕಿವಿ ತೆರುವ ಬೆಲೆ ಕೂಡ ಇದೇ ರೀತಿ ಏರುತ್ತದೆ. ತಜ್ಞರು ಒಪ್ಪುವ ಒಂದು ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ತಾಸು ತಾಳಿಕೊಳ್ಳಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್ಲಿಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್ಲಿಗೆ ಉಳಿಯುವುದು ಹದಿನೈದು ನಿಮಿಷ. ಮೆರವಣಿಗೆ ನೋಡಿ ಮನೆಗೆ ಹೋಗುವವನಿಗಿಂತ ಹೆಚ್ಚು ಕಳೆದುಕೊಳ್ಳುವವನು ತೊಟ್ಟಿಯಲ್ಲಿ ಪೆಟ್ಟಿಗೆಗಳಿಗೆ ಬೆನ್ನು ಕೊಟ್ಟು ರಾತ್ರಿಯಿಡೀ ಕೂರುವ ಆ ಹುಡುಗ. ಸಾಲ ಮಾಡಿ ಕಟ್ಟಿದ ಗಾಡಿಯ ಕಂತನ್ನು ಗಣೇಶ ಚೌತಿ, ಜಯಂತಿ, ಮದುವೆ ಎಂದು ವರ್ಷದ ಕೆಲವೇ ವಾರಗಳಲ್ಲಿ ಹುಟ್ಟಿಸಬೇಕಾದವನೂ ಅವನೇ. ಡಿ.ಜೆ. ಕುರಿತ ಬೈಗುಳದಲ್ಲೂ ಮೆಚ್ಚುಗೆಯಲ್ಲೂ ಅವನ ಹೆಸರು ಬರುವುದಿಲ್ಲ.

ಕಾನೂನು ಸುಮ್ಮನೆ ಕುಳಿತಿಲ್ಲ. ಕೇಂದ್ರ ಸರಕಾರದ ಶಬ್ದಮಾಲಿನ್ಯ ನಿಯಮಗಳು 2000ನೆಯ ಇಸವಿಯಲ್ಲಿ ಜಾರಿಗೆ ಬಂದವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಗೊತ್ತುಪಡಿಸಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸಬಾರದೆಂದವು. ಹಬ್ಬಗಳಿಗಾಗಿ ರಾಜ್ಯ ಸರಕಾರಗಳು ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವಾಕ್ ಸ್ವಾತಂತ್ರ್ಯವೆಂದರೆ ಒಲ್ಲದವರ ಕಿವಿಗೆ ಬಲವಂತವಾಗಿ ತುಂಬುವ ಸ್ವಾತಂತ್ರ್ಯವಲ್ಲವೆಂದು ಸ್ಪಷ್ಟಪಡಿಸಿತು. ಗಾಡಿಯ ಕಡೆಯಿಂದ ನೋಡಿದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಒತ್ತಿಹೇಳಿತು.

ನಿಯಮದ ಪುಸ್ತಕದಲ್ಲಿ ಒಂದು ಸೂಕ್ಷ್ಮವಿದೆ. ಅದರಲ್ಲಿರುವ ಡೆಸಿಬಲ್ಲು ‘ಎ’ ಮಾನದ್ದು. ಮನುಷ್ಯನ ಕಿವಿ ಮಂದ್ರ ಸದ್ದಿಗೆ ಮಂದವಾಗಿದೆಯೆಂದು ಈ ಮಾನ ಆ ಸದ್ದಿನ ಲೆಕ್ಕವನ್ನೇ ಕಡಿತ ಮಾಡಿಕೊಳ್ಳುತ್ತದೆ. 50 ಹರ್ಟ್ಸಿನ ಸದ್ದಿಗೆ ಸಿಗುವ ಕಡಿತ ಸುಮಾರು 30 ಡೆಸಿಬಲ್. ಪೊಲೀಸರ ಕೈಯಲ್ಲಿರುವ ಅಳತೆಯಂತ್ರ ತಗಡಿನ ಕಹಳೆಯ ಕೀರಲನ್ನು ಚೆನ್ನಾಗಿ ಹಿಡಿದೀತು. ಬಾಣಂತಿಯನ್ನು ಎಬ್ಬಿಸುವ, ಹೃದ್ರೋಗಿಯನ್ನು ಕಂಗೆಡಿಸುವ ಗುದ್ದಿನ ಬಹುಪಾಲು ಅದರ ಕಣ್ತಪ್ಪಿಸಿ ಹೋಗುತ್ತದೆ. ಮೈಕಾಸುರನಿಗಾಗಿ ಹೆಣೆದ ಬಲೆ ಇದು. ಅವನ ಮಗ ಬೇರೆ ದಾರಿ ಹಿಡಿದಿದ್ದಾನೆ.

ಹಾಗಾದರೆ ಡಿ.ಜೆ. ಬೇಡ, ಹಳೆಯ ವಾದ್ಯಗಳೇ ಬರಲಿ ಎಂಬ ಕೂಗು ಈಚೆಗೆ ಹೆಚ್ಚಿದೆ. ಹಲಗಿ, ಕರಡಿ ಮಜಲು, ಡೊಳ್ಳು, ಝಾಂಜ್ ಮೇಳಗಳನ್ನು ಮೆರವಣಿಗೆಗೆ ಕರೆಯುವ ಮಂಡಳಿಗಳೂ ಇವೆ. ಕೂಗು ಒಳ್ಳೆಯದೇ. ಆದರೆ ಅದರಲ್ಲಿ ಒಂದು ಮರೆವು ಇದೆ. ಹಲಗಿ ಬಾರಿಸುವುದು ಬಹುಕಾಲ ಕಲೆಯಾಗಿರಲಿಲ್ಲ, ದಲಿತ ಸಮುದಾಯಗಳ ಮೇಲೆ ಹೊರಿಸಿದ ಬಿಟ್ಟಿಚಾಕರಿಯಾಗಿತ್ತು. ಸಾವಿಗೂ ಜಾತ್ರೆಗೂ ಡಂಗುರಕ್ಕೂ ಕರೆದಾಗ ಬರಲೇಬೇಕು, ಕೊಟ್ಟಷ್ಟು ಪಡೆಯಬೇಕು, ದೂರವೇ ನಿಲ್ಲಬೇಕು. 1970ರ ದಶಕದಿಂದ ಈಚೆಗೆ ದಲಿತ ಚಳವಳಿಯ ಪ್ರಭಾವದಿಂದ ಅನೇಕ ಕಡೆ ಹಲಗಿ ಬಾರಿಸಲು ಒಲ್ಲೆವೆಂದದ್ದು ಆತ್ಮಗೌರವದ ಮಾತು. ಅಂಥವರ ಮಕ್ಕಳಿಗೆ ಸ್ಪೀಕರ್ ಪೆಟ್ಟಿಗೆ ಬಿಡುಗಡೆಯಾಗಿಯೂ ಕಂಡಿರಬೇಕು: ಜಾತಿ ಕೇಳದೆ ಸದ್ದು ಮಾಡುವ ಯಂತ್ರ, ಬಾಡಿಗೆ ಮೊದಲೇ ಗೊತ್ತುಮಾಡುವ ವ್ಯಾಪಾರ. ಇನ್ನೊಂದು ಕಡೆ, ಅದೇ ಹಲಗಿಯನ್ನು ತಮ್ಮ ಕಲೆಯೆಂದು ಎತ್ತಿಹಿಡಿದು, ಸಂಭಾವನೆ ಗೊತ್ತುಪಡಿಸಿಕೊಂಡು ಮೇಳ ಕಟ್ಟಿದವರ ಹೊಟ್ಟೆಯ ಮೇಲೆ ಆ ಯಂತ್ರವೇ ಕೂತಿತು. ಹಳೆಯ ವಾದ್ಯ ಮರಳಬೇಕೆನ್ನುವವರು ವಾದ್ಯದ ಜೊತೆ ಹಳೆಯ ಕೂಲಿಯೂ ಮರಳಬೇಕೆಂದು ಬಯಸಿದರೆ ಅದು ನಡೆಯುವ ಮಾತಲ್ಲ.

ಸದ್ದಿನ ಮಟ್ಟದ ಪ್ರಶ್ನೆಯನ್ನು ಬದಿಗಿಟ್ಟರೂ ಎರಡರ ನಡುವೆ ಒಂದು ಭೇದ ಉಳಿಯುತ್ತದೆ. ಹತ್ತಿರ ನಿಂತು ಕೇಳಿದರೆ ಜಗ್ಗಲಿಗೆಯೂ ಮೆತ್ತಗಿನ ವಾದ್ಯವಲ್ಲ, ಅದೂ ಎದೆ ಗುದ್ದುತ್ತದೆ. ಆದರೆ ಬಾರಿಸುವವನ ರಟ್ಟೆ ಸೋಲುತ್ತದೆ. ಆಸ್ಪತ್ರೆಯ ಮುಂದೆ, ಸಾವಾದ ಮನೆಯ ಮುಂದೆ ಕಣಿಹಲಗಿಯವನು ಕೈ ಎತ್ತಿದರೆ ಮೇಳ ತಡೆದು ನಿಲ್ಲುತ್ತದೆ. ಪಿಕಪ್ಪಿನಲ್ಲಿ ಕೂತ ಹುಡುಗನಿಗೆ ಹೊರಗಿನದು ಕೇಳಿಸುವುದೇ ಇಲ್ಲ. ಅವನಿಗೆ ಕಾಣುವುದು ಮಿಕ್ಸರಿನ ಮೇಲೆ ಕುಣಿಯುವ ದೀಪ, ಮುಂದೆ ಕುಣಿಯುವ ಗುಂಪು. ಜನರೇಟರಿನಲ್ಲಿ ಡೀಸೆಲ್ ಇರುವತನಕ ರಟ್ಟೆ ಸೋಲುವ ಪ್ರಶ್ನೆಯಿಲ್ಲ.

ಈಚಿನ ವರ್ಷಗಳಲ್ಲಿ ಹೋಳಿಯ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಜಗ್ಗಲಿಗೆ ಹಬ್ಬವೆಂದೇ ಪ್ರತ್ಯೇಕವಾಗಿ ನಡೆಸುವುದು ಆರಂಭವಾಗಿದೆ. ರತಿ-ಕಾಮರ ಮೂರ್ತಿ ಕೂರಿಸುವ ಓಣಿಗಳಲ್ಲಿ, ರಂಗಪಂಚಮಿಯ ಬಣ್ಣದ ನಡುವೆ, ಸುತ್ತಲಿನ ಹಳ್ಳಿಗಳ ಮೇಳಗಳು ಬಂದು ಸೇರುತ್ತವೆ. ಆದರೆ ಕಟ್ಟಿಗೆಯ ಬಂಡಿಗಾಲಿಯೇ ಅಪರೂಪ. ಎತ್ತಿನ ಬಂಡಿಗಳು ಕಡಿಮೆಯಾದವು, ಉಳಿದವುಗಳಲ್ಲಿ ಎಷ್ಟೋ ರಬ್ಬರ್ ಟೈರಿನವು. ರಬ್ಬರ್ ಟೈರಿಗೆ ಚರ್ಮ ಬಿಗಿಯಲು ಬರುವುದಿಲ್ಲ. ಊರಿನಿಂದ ನಗರದವರೆಗಿನ ಡಾಂಬರು ರಸ್ತೆಯಲ್ಲಿ ಜಗ್ಗಲಿಗೆಯನ್ನು ಉರುಳಿಸಿಕೊಂಡು ಬರುವವರೂ ಇಲ್ಲ. ಅದಕ್ಕೂ ಈಗ ಟ್ರ್ಯಾಕ್ಟರ್ ಟ್ರೇಲರೋ ಪಿಕಪ್ಪೋ ಬೇಕು. ಪೇಟೆಯ ಅಂಚಿನಲ್ಲಿ ಗಾಡಿಯಿಂದ ಇಳಿಸಿ, ಚರ್ಮ ಸಡಿಲವಾಗಿದ್ದರೆ ಬೆಂಕಿಯ ಝಳ ಕಾಣಿಸಿ, ಒಂದೆರಡು ಪೆಟ್ಟು ಹಾಕಿ ನೋಡಿದ ಮೇಲೆ ಗಾಲಿಗಳು ನೆಲಕ್ಕೆ ತಾಗಿ ಉರುಳತೊಡಗುತ್ತವೆ. ತೊಟ್ಟಿ ಖಾಲಿಯಾದ ಪಿಕಪ್ಪು ಮೇಳದ ಹಿಂದೆ, ನಡೆಯುವವರ ವೇಗದಲ್ಲೇ ಬರುತ್ತಿರುತ್ತದೆ.